ಅಪ್‌ಡೇಟ್: ಬೀದರ್ ಹೊಲದ ರೆಸಿಸ್ಟಿವಿಟಿ ರೀಡಿಂಗ್ ಈಗ ನಿಂತಿದೆ

ಬೀದರ್ ಹತ್ತಿರದ ನಮ್ಮ ಹೊಲದಲ್ಲಿ ಬೋರ್‌ವೆಲ್‌ಗೆ ರೆಸಿಸ್ಟಿವಿಟಿ (ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನೋದು) ಸರ್ವೆ ಮಾಡಿಸಿದಾಗ ಒಂದೇ ಜಾಗದಲ್ಲಿ ಸಲಕ್ಕೊಂದು ರೀಡಿಂಗ್ ಬರ್ತಿದೆ, ಯಾಕೆ ಅಂತ ಕೇಳಿದ್ದೆ. ಮತ್ತೆ ಅಳೆಸಿದ್ದಾಯಿತು.

ಪಂಪ್‌ಸೆಟ್‌ನ ಕರೆಂಟ್ ಲೈನೇ ರೀಡಿಂಗ್ ಕೆಡಿಸುತ್ತಿದೆ ಅಂತ ಉತ್ತರ ಕೊಟ್ಟ ನೀವೆಲ್ಲ ಅನುಮಾನಪಟ್ಟಿದ್ದು ಸರಿ. ಎಲೆಕ್ಟ್ರೋಡ್ (ಅಳೆಯಲು ನೆಲಕ್ಕೆ ನೆಡುವ ಕಂಬಿ) ಸಾಲು ಆ ತಂತಿಯ ಉದ್ದಕ್ಕೇ ಇತ್ತು. ಈ ಸಲ ಅಡ್ಡಕ್ಕೆ ಹಾಕಿಸಿದೆವು. ಒಣಗಿದ ಜಂಬಿಟ್ಟಿಗೆಯೊಳಗೆ ಕರೆಂಟ್ ಇಳಿಯುವುದೇ ಕಷ್ಟ, ಹಾಗಾಗಿ ಕಂಬಿಗಳ ಬುಡಕ್ಕೆ ಉಪ್ಪುನೀರು ಸುರಿದೆವು.

ಆದರೆ ನಿಜವಾದ ಕೆಲಸ ಸ್ಟ್ಯಾಕಿಂಗ್‌ದು, ಅಂದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯುವುದು. 16 ಸಲ ಅಳೆದು ಸರಾಸರಿ ತೆಗೆದರೆ ಅಡ್ಡಾದಿಡ್ಡಿ ಗದ್ದಲ (ರೀಡಿಂಗ್‌ನ ಏರುಪೇರು) ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. 100 ಸಲ ಅಳೆದರೆ ಹತ್ತನೇ ಒಂದು ಭಾಗಕ್ಕೆ ಅಷ್ಟೇ. ವರ್ಗಮೂಲದ ಲೆಕ್ಕ, ಸುಮ್ನೆ ಅಳೀತಾ ಹೋದರೆ ಲಾಭ ಕಡಿಮೆ. ಲೈನಿನ 50 ಹರ್ಟ್ಸ್ ಗದ್ದಲ ಬೇರೆ ಜಾತಿ. ಅದರ ಒಂದು ಸುತ್ತು 20 ಮಿಲಿಸೆಕೆಂಡ್. ಪೂರ್ತಿ ಸುತ್ತುಗಳ ಮೇಲೆ ಸರಾಸರಿ ತೆಗೆದರೆ ಏರು ಇಳಿತವನ್ನು ನುಂಗಿ ಗದ್ದಲ ಅಳಿಸಿಹೋಗುತ್ತದೆ. ನೆಲದಲ್ಲೇ ಇರುವ ವೋಲ್ಟೇಜ್ ಕಳೆಯಲು ಸರ್ವೆಯವರು ಪ್ರತಿ ಸಲ ಕರೆಂಟಿನ ಪ್ಲಸ್ ಮೈನಸ್ ತಿರುಗಿಸಿದರು.

ಆಳಕ್ಕೆ ತಕ್ಕ ರೆಸಿಸ್ಟಿವಿಟಿಯ ಗ್ರಾಫ್ ಈಗ ಚೊಕ್ಕ. ಮೇಲೆ ಒಣ ಜಂಬಿಟ್ಟಿಗೆಯ ಜಾಸ್ತಿ ರೆಸಿಸ್ಟಿವಿಟಿ, ನಡುವೆ ಒಂದು ತಗ್ಗು, ಕೆಳಗೆ ಗಟ್ಟಿ ಕಪ್ಪು ಕಲ್ಲಿಗೆ ಮತ್ತೆ ಏರು. ನೀರಿದ್ದ ಕಡೆ ರೆಸಿಸ್ಟಿವಿಟಿ ಇಳಿಯುತ್ತೆ, ಹಾಗಾಗಿ ತಗ್ಗು ಕಂಡ ಕೂಡಲೇ ಮನೆಯಲ್ಲಿ ಎಲ್ಲರೂ "ನೀರು!" ಅಂದರು. ಜೇಡಿಮಣ್ಣಿಗೂ ಹಾಗೇ ತಗ್ಗು ಬರುತ್ತೆ ಅಲ್ವಾ? ಪಕ್ಕದ ಹೊಲದ ತೆರೆದ ಬಾವಿಯ ಗೋಡೆಯಲ್ಲಿ ಜಂಬಿಟ್ಟಿಗೆ ಕೆಳಗೆ ಬಿಳಿ ಜೇಡಿ ಪಟ್ಟಿ ಕಣ್ಣಿಗೇ ಕಾಣುತ್ತದೆ. ಅದರ ದಪ್ಪ ಅಳೆದು ಗ್ರಾಫಿಗೆ ಹೋಲಿಸುವ ತನಕ ಬೋರ್ ಕೊರೆಯುವ ರಿಗ್ ಕರೆಸುವುದಿಲ್ಲ.