1951ರ ಷೆವರ್ಲೆ ಪಿಕಪ್: ಮೊದಲು ಬ್ರೇಕಾ, ವೈರಿಂಗಾ, ಇಂಜಿನ್ನಾ?

ಕೇಳಿದವರು: ಹಾಫ್ ಟನ್ ಗಾಡಿ. 216 ಘನ ಇಂಚಿನ ಇಂಜಿನ್, 6 ವೋಲ್ಟ್, ನಾಲ್ಕೂ ಕಡೆ ಡ್ರಮ್ ಬ್ರೇಕ್. ವರ್ಷಗಟ್ಟಲೆ ನಿಂತಿತ್ತು, ಈಗ ಸ್ಟಾರ್ಟ್ ಆಗುತ್ತೆ. ವಾರಕ್ಕೊಮ್ಮೆ 300 ಕೆಜಿ ಹೇರಿ ಓಡಿಸಬೇಕು, ಶೋಗಲ್ಲ. ಎಲ್ಲಾ ಒಟ್ಟಿಗೆ ಮಾಡಿಸೋ ಶಕ್ತಿ ಇಲ್ಲ. ಯಾವುದರಿಂದ ಶುರು ಮಾಡಲಿ?

ಗ್ರೀಸ್‌ಗನ್: ಬ್ರೇಕು. ಮುಂದಕ್ಕೆ ಡಿಸ್ಕ್ ಕಿಟ್, ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋದು). ಈ ಗಾಡೀಲಿ ಮಾಸ್ಟರ್ ಇರೋದು ಫ್ಲೋರ್ ಕೆಳಗೆ, ಡಿಸ್ಕ್ ಹಿಡಿಯೋ ಕ್ಯಾಲಿಪರ್‌ಗಿಂತ ತಗ್ಗಲ್ಲಿ. ಆಯಿಲ್ ವಾಪಸ್ ಇಳಿದು ಮೊದಲ ಪೆಡಲ್ ಖಾಲಿ ಹೋಗುತ್ತೆ. ಅದಕ್ಕೇ ಲೈನಲ್ಲಿ ಸ್ವಲ್ಪ ಒತ್ತಡ ಉಳಿಸೋ ರೆಸಿಡ್ಯುಯಲ್ ವಾಲ್ವ್: ಡಿಸ್ಕ್‌ಗೆ 2 ಪಿಎಸ್‌ಐ, ಡ್ರಮ್‌ಗೆ 10. ನನಗೆ ಬಂದ ಮಾಸ್ಟರ್ ಡ್ರಮ್ ಗಾಡೀದು, ಒಳಗೇ 10ರ ವಾಲ್ವ್ ಕೂತಿತ್ತು. ಹೊರಗೆ 2ರದ್ದು ಹಾಕಿ ಏನು ಬಂತು? ಡಿಸ್ಕ್ ಬಿಡಲೇ ಇಲ್ಲ, ಹಬ್ ಗ್ರೀಸ್ ಕರಗಿ ಹೊರಗೆ ಸುರೀತು. ದಂಡ: ಹಬ್ ಸೀಲ್ ಎರಡು, ಬೇರಿಂಗ್ ಎರಡೂ ಕಡೆ, ಪ್ಯಾಡ್ ಒಂದು ಸೆಟ್, 25 ಅಡಿ ಪೈಪ್ ಸುರುಳಿ ಇನ್ನೊಂದು, ಡಾಟ್ 4 ಬ್ರೇಕ್ ಆಯಿಲ್ ಮೂರು ಲೀಟರ್.

ಚಕ್ರ ಹಿಡಿದುಕೊಂಡರೆ ಹೀಗೆ ನೋಡಿ. ಮೊದಲು ಮಾಸ್ಟರ್ ಹತ್ತಿರದ ಪೈಪ್ ನಟ್ ಸಡಿಲಿಸಿ. ಚಕ್ರ ಬಿಟ್ಟರೆ ತಪ್ಪು ಮಾಸ್ಟರ್‌ನಲ್ಲಿ, ಇಲ್ಲ ಪೆಡಲ್ ಫ್ರೀ ಪ್ಲೇ ಇಲ್ಲದೆ ವಾಪಸ್ ತೂತು ಮುಚ್ಚಿದೆ. ಬಿಡದಿದ್ದರೆ ಚಕ್ರದ ಬ್ಲೀಡರ್ ತೆರೆಯಿರಿ. ಆಗ ಬಿಟ್ಟರೆ ನಡುವೆ ಹೋಸ್ ಕಟ್ಟಿದೆ. ಆಗಲೂ ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ನೇ ಜಾಮ್.

ಆರುವೋಲ್ಟ್: ವೈರಿಂಗ್ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತೀನಿ. 12 ವೋಲ್ಟ್ ಮಾಡಿಸಬೇಡಿ! ಸೆಲ್ಫ್ ನಿಧಾನ ತಿರುಗುತ್ತೆ ಅಂತ ಎಲ್ಲರೂ 6 ವೋಲ್ಟ್ ಬೈತಾರೆ, ಕೇಬಲ್ ಮಾತ್ರ ಹೊಸ ಗಾಡೀದು, 21 ಚದರ ಮಿಮೀ. ಇದಕ್ಕೆ ಬೇಕಾದ್ದು 53. ಸೆಲ್ಫ್ ಹೊಡೆಯುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪೋಸ್ಟ್‌ಗೆ (ಕ್ಲ್ಯಾಂಪ್‌ಗಲ್ಲ, ಪೋಸ್ಟ್‌ಗೆ), ಇನ್ನೊಂದು ಸೆಲ್ಫ್ ಬೋಲ್ಟ್‌ಗೆ. 0.3 ವೋಲ್ಟ್ ದಾಟಿದರೆ ಕೇಬಲ್ ಬದಲಿಸಿ. ಅರ್ತ್ ಕಡೇನೂ ಹಾಗೇ ಅಳೆಯಿರಿ. ಅರ್ತ್ ನೇರ ಗೇರ್‌ಬಾಕ್ಸ್ ಬೋಲ್ಟ್‌ಗೆ, ಪೇಂಟ್ ಕೆರೆದು.

ಪಾನಪೆಟ್ಟಿಗೆ: ಅಷ್ಟು ದಪ್ಪ ಕೇಬಲ್ ಎಳೆದೂ ಹೆಡ್‌ಲೈಟ್ ಮಿಣುಕು ಹುಳ! 12 ಮಾಡಿದರೆ ಅದೇ ಬಲ್ಬ್ ಶಕ್ತಿಗೆ ಕರೆಂಟ್ ಅರ್ಧ, ಅದೇ ವೈರಲ್ಲಿ ಶೇಕಡಾ ನಷ್ಟ ಕಾಲು ಭಾಗ. ಬದಲಿಸಬೇಕಾದ್ದು: ಬಲ್ಬ್ ಎಲ್ಲಾ, ಇಗ್ನಿಷನ್ ಕಾಯಿಲ್, ಫ್ಯುಯೆಲ್ ಗೇಜ್‌ಗೆ ವೋಲ್ಟೇಜ್ ಇಳಿಸೋ ರಿಡ್ಯೂಸರ್, ಹೀಟರ್ ಮೋಟಾರ್‌ಗೂ ಒಂದು. ಹಳೇ ಸೆಲ್ಫ್ ಹಾಗೇ ಬಿಡಿ, ಉದ್ದಕ್ಕೆ ಹೊಡೆಯದಿದ್ದರೆ 12ರಲ್ಲೂ ನಡೆಯುತ್ತೆ. ನಾನು 12ರ ಸೆಲ್ಫೇ ಹಾಕಿದೆ. 6 ವೋಲ್ಟ್ ಫ್ಲೈವೀಲ್ ಹಲ್ಲು 139, 12ರದ್ದು 168. ಎಣಿಸದೆ ಹಾಕಿದ್ದಕ್ಕೆ ರಿಂಗ್ ಗೇರ್ (ಫ್ಲೈವೀಲ್ ಸುತ್ತಿನ ಹಲ್ಲು) ಹೋಯ್ತು, ಗೇರ್‌ಬಾಕ್ಸ್ ಎರಡನೇ ಸಲ ಇಳಿಸಿದ್ದಾಯ್ತು.

ಆರುವೋಲ್ಟ್: ಕೇಳಿ ಸ್ವಾಮಿ ಇವರ ಮಾತು. ಒಂದು ಕೇಬಲ್ ಉಳಿಸೋಕೆ ಹೋಗಿ ರಿಂಗ್ ಗೇರ್ ಕಳೆದವರು ನನಗೆ ಲೆಕ್ಕ ಹೇಳ್ತಾರೆ.

ಪಾನಪೆಟ್ಟಿಗೆ: ರಾತ್ರಿ ಮಳೇಲಿ ಒಮ್ಮೆ ಆ ಲೈಟಲ್ಲಿ ಓಡಿಸಿ ತೋರಿಸಿ, ಆಮೇಲೆ ಮಾತಾಡೋಣ.

ಬ್ಯಾಬಿಟ್: ಇಬ್ಬರೂ ಸುಮ್ನಿರಿ ಮಾರಾಯ್ರೇ. ಆ 216ರ ಕನೆಕ್ಟಿಂಗ್ ರಾಡ್‌ಗೆ ಒತ್ತಡದ ಆಯಿಲ್ ಹೋಗೋದೇ ಇಲ್ಲ. ಮೇನ್ ಬೇರಿಂಗ್‌ಗೆ ಮಾತ್ರ ಪಂಪ್ ಒತ್ತಡ. ರಾಡ್ ಕ್ಯಾಪ್ ಕೆಳಗಿನ ಚಿಕ್ಕ ಸೌಟು ತೊಟ್ಟಿಯಿಂದ ಆಯಿಲ್ ಬಾಚಿಕೊಳ್ಳುತ್ತೆ, ವೇಗ ಹೆಚ್ಚಿದಾಗ ನಳಿಕೆಯಿಂದ ಅದಕ್ಕೆ ಚಿಮ್ಮುತ್ತೆ. ಆಯಿಲ್ ಗೇಜ್ ಕೊನೆ ಅಂಕಿಯೇ 30, ಮುಳ್ಳು 14ರ ಆಸುಪಾಸು ನಿಂತರೆ ಗಾಬರಿ ಬೇಡ. ಗಾಬರಿ ಆಗಬೇಕಾದ್ದು ತೊಟ್ಟೀಲಿ ಕೂತ ಕೆಸರಿಗೆ. ಹೊಸ ಡಿಟರ್ಜೆಂಟ್ ಆಯಿಲ್ ಸುರಿದರೆ ಅದು ಕಳಚಿ ನೇರ ನಳಿಕೆಗೆ. ಮೊದಲು ಸಂಪ್ (ಇಂಜಿನ್ ತಳದ ಆಯಿಲ್ ಪಾತ್ರೆ) ಇಳಿಸಿ, ನಳಿಕೆಗೆ ತಂತಿ ಹಾಯಿಸಿ, ಆಮೇಲೆ ಆಯಿಲ್. ರಾಡ್ ಸಡಿಲ ಇದ್ದರೆ ಕ್ಯಾಪ್‌ನ ಶಿಮ್ (ತೆಳು ತಗಡು) ಎರಡೂ ಬದಿಯಿಂದ ಸಮ ತೆಗೆದು, ಸಂದು ಅಳೆಯೋ ಪ್ಲಾಸ್ಟಿಕ್ ಎಳೆ ಪ್ಲಾಸ್ಟಿಗೇಜ್‌ನಲ್ಲಿ ಅಳೆಯಿರಿ. ಹೌಸಿಂಗ್ (ಹಿಂದಿನ ಆಕ್ಸಲ್) ಗೇರ್ ಅನುಪಾತ 4.11 ಆಗಿದ್ದರೆ ಗಂಟೆಗೆ 80 ಕಿಮೀಗೇ ಇಂಜಿನ್ ನಿಮಿಷಕ್ಕೆ 2,400 ಸುತ್ತು ದಾಟುತ್ತೆ. ಅದಕ್ಕಿಂತ ಎಳೆಯಬೇಡಿ, ಬ್ಯಾಬಿಟ್ (ಬೇರಿಂಗ್‌ನ ಮೆತ್ತನೆ ಲೋಹ) ಸವೆದು ಕಟಕಟ ಶುರುವಾಗುತ್ತೆ.

ಲೀಫ್‌ಪ್ಲೇಟ್: ಇಷ್ಟೆಲ್ಲಾ ಯಾಕೆ, 1954ರ ನಂತರದ 235 ಇಂಜಿನ್ ಒಳಗೆ ಇಳಿಸಿ. ಫುಲ್ ಪ್ರೆಷರ್ ಆಯಿಲ್.

ಬ್ಯಾಬಿಟ್: ಇಳಿಸಿ ಅಂದರೆ ಇಳಿಯುತ್ತಾ? ಅದರ ವಾಟರ್ ಪಂಪ್ ಉದ್ದ, ಫ್ಯಾನ್ ರೇಡಿಯೇಟರ್‌ಗೆ ತಾಗುತ್ತೆ. ಅಡಾಪ್ಟರ್ ಪ್ಲೇಟ್ ಹಾಕಿ ಹಳೇ ಪಂಪೇ ಕೂರಿಸಬೇಕು. ಮುಂದಿನ ಮೌಂಟ್ ಪ್ಲೇಟ್ ಕತೆ ಬೇರೆ. ಇದ್ಯಾವುದೂ ನೀವು ಹೇಳಲ್ಲ.

ಲೀಫ್‌ಪ್ಲೇಟ್: ಪ್ಲೇಟ್ ಮಾಡಿಸೋಕೆ ಅರ್ಧ ದಿನ. ನೀವು ಶಿಮ್ ಎಣಿಸ್ತಾ ಕೂತ ಕಾಲಕ್ಕಿಂತ ಕಡಿಮೆ.

ಕೇಳಿದವರು: ಸಂಪ್ ಇಳಿಸಿದೆ. ತಳದಲ್ಲಿ ಅರ್ಧ ಇಂಚು ಕರೀ ಮುದ್ದೆ, ಬೆರಳಲ್ಲಿ ಎತ್ತಿದರೆ ಹರಳೆಣ್ಣೆ ಹಿಂಡಿ ಥರ. ಎರಡು ನಳಿಕೆ ಪೂರ್ತಿ ಕಟ್ಟಿದ್ದವು. ರಾಡ್ ಶಿಮ್ ಇನ್ನೂ ಮುಟ್ಟಿಲ್ಲ. ಬ್ರೇಕ್‌ಗೆ ಸದ್ಯ ಡ್ರಮ್ಮೇ ಇರಲಿ ಅಂದ್ಕೊಂಡಿದೀನಿ, ಯಾವ ಆಯಿಲ್?

ಆರುವೋಲ್ಟ್: ನಿಂತೇ ಇರೋ ಗಾಡಿ, ಡಾಟ್ 5 ಸಿಲಿಕಾನ್. ನೀರು ಹೀರಲ್ಲ, ಪೇಂಟ್ ತಿನ್ನಲ್ಲ.

ಗ್ರೀಸ್‌ಗನ್: ಆದರೆ ಪೆಡಲ್ ಮೆತ್ತಗೆ. ವಾರವಾರ ಲೋಡ್ ಎಳೆಯೋ ಗಾಡಿಗೆ ಡಾಟ್ 4 ಹಾಕಿ ಎರಡು ವರ್ಷಕ್ಕೊಮ್ಮೆ ಬದಲಿಸಿ. ಹಳೇದರ ಮೇಲೆ 5 ಸುರಿದೀರಿ, ಬೆರೆಯಲ್ಲ. 5.1 ಅನ್ನೋದು 5ರ ತಮ್ಮ ಅಲ್ಲ, 4ರ ಜಾತಿ.

ಆರುವೋಲ್ಟ್: ಹಬ್ ಗ್ರೀಸ್ ಕರಗಿಸಿದವರಿಂದ ಬ್ರೇಕ್ ಪಾಠ!