ಪ್ರಶ್ನೋತ್ತರ: ಮೊದಲ ಸಂಶೋಧನಾ ಪೇಪರ್‌ಗೆ ಅವಸರ ಮಾಡಬೇಕಾ?

ಪ್ರಶ್ನೆ (ಪಿಎಚ್‌ಡಿ ವಿದ್ಯಾರ್ಥಿನಿ, ಪಾಷಾಣ, ಪುಣೆ):
ಮೇಡಂ, ನಮಸ್ಕಾರ. ನನಗೆ ಮೂರನೇ ವರ್ಷ. ಘನ ಕ್ಯಾಟಲಿಸ್ಟ್ (ರಿಯಾಕ್ಷನ್ ಬೇಗ ಆಗಿಸುವ ಘನ ವಸ್ತು) ಮೇಲೆ ಕೆಲಸ. ಜೊತೆಯವರದ್ದೆಲ್ಲ ಪೇಪರ್ ಬಂದಿದೆ, ನನ್ನದು ಒಂದೂ ಇಲ್ಲ. "ದುಡ್ಡು ಕಟ್ಟಿ, ಒಂದು ವಾರದಲ್ಲಿ ಅಚ್ಚು ಹಾಕುತ್ತೇವೆ" ಅಂತ ದಿನಾ ಮೇಲ್ ಬರುತ್ತದೆ. ಇರುವ ಡೇಟಾವನ್ನು ಎರಡು ಸಣ್ಣ ಪೇಪರ್ ಮಾಡಿ, ಒಂದನ್ನು ಅಲ್ಲಿಗೆ ಕಳಿಸಿಬಿಡಲಾ?

ಉತ್ತರ (ರಸಾಯನಶಾಸ್ತ್ರ ಸಂಶೋಧಕಿ, ಮುಂಬೈ):
ಬೇಡಮ್ಮ, ಕಳಿಸಬೇಡಿ. ಇಬ್ಬರು ಮೂವರು ರೆಫರಿಗಳು (ಪೇಪರ್ ಪರಿಶೀಲಿಸುವ ತಜ್ಞರು) ಸರಿಯಾಗಿ ಓದಿ ಬರೆಯಲು ಒಂದು ವಾರ ಎಲ್ಲಿ ಸಾಕಾಗುತ್ತದೆ? ಅಲ್ಲಿ ಅಚ್ಚಾದದ್ದನ್ನು ಮತ್ತೆ ಒಳ್ಳೆಯ ಜರ್ನಲ್‌ಗೆ ಕೊಡಲು ಬರುವುದಿಲ್ಲ. ಕಷ್ಟಪಟ್ಟು ತೆಗೆದ ಡೇಟಾ ಸುಮ್ನೆ ಹಾಳಾಗುತ್ತದೆ.

ಥೀಸಿಸ್ ಕೊಡುವ ಮೊದಲು ಪೇಪರ್ ಆಗಲೇಬೇಕು ಅನ್ನುವ ನಿಯಮವನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲೇ ಕೈಬಿಟ್ಟಿದೆ. ನಿಮ್ಮ ಸಂಸ್ಥೆಯ ನಿಯಮ ಬೇರೆ ಇರಬಹುದು, ಆಫೀಸಿನಲ್ಲಿ ಕೇಳಿಕೊಳ್ಳಿ. ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯೂ 2025ರಲ್ಲಿ ನಿಂತಿದೆ. ಹಾಗಾಗಿ ಜರ್ನಲ್ ಆರಿಸುವುದು ಈಗ ನಮ್ಮದೇ ಹೊಣೆ. ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ: ನೀವು ನಿಜವಾಗಿ ಓದಿ, ಉಲ್ಲೇಖಿಸುವ ಪೇಪರ್‌ಗಳು ಯಾವ ಜರ್ನಲ್‌ನಲ್ಲಿ ಬಂದಿವೆ ನೋಡಿ. ನಿಮ್ಮ ಓದುಗರು ಇರುವುದೂ ಅಲ್ಲೇ.

ಪೇಪರ್ ಒಡೆಯುವ ಮಾತು ನನಗೆ ಜಾಸ್ತಿ ಚಿಂತೆ ತಂದಿತು. ಯೀಲ್ಡ್ (ಸಿಕ್ಕ ಉತ್ಪನ್ನದ ಪ್ರಮಾಣ) ಒಂದರಲ್ಲಿ, ಕ್ಯಾಟಲಿಸ್ಟ್‌ನ ಮರುಬಳಕೆ ಇನ್ನೊಂದರಲ್ಲಿ ಹಾಕಿದರೆ ಎರಡೂ ಅರೆಬೆಂದ ಅನ್ನ. ಘನ ಕ್ಯಾಟಲಿಸ್ಟ್ ಅಂದಮೇಲೆ, "ಕೆಲಸ ಮಾಡುತ್ತಿರುವುದು ಅದೇನಾ, ಇಲ್ಲ ಅದರಿಂದ ಕರಗಿ ಇಳಿದ ಲೋಹವಾ?" ಅಂತ ರೆಫರಿ ಕೇಳಿಯೇ ಕೇಳುತ್ತಾರೆ. ರಿಯಾಕ್ಷನ್ ಅರ್ಧಕ್ಕೆ ಬಂದಾಗ ಬಿಸಿಬಿಸಿಯಾಗೇ ಸೋಸಿ ಕ್ಯಾಟಲಿಸ್ಟ್ ತೆಗೆಯಿರಿ. ಸೋಸಿದ ದ್ರಾವಣದಲ್ಲೂ ರಿಯಾಕ್ಷನ್ ಮುಂದುವರಿದರೆ ಲೋಹ ಇಳಿದಿರುವ ಅನುಮಾನ ಗಟ್ಟಿಯಾಗುತ್ತದೆ. ಈ ಪರೀಕ್ಷೆ ಆಗಿದೆಯಾ? ಇಲ್ಲದಿದ್ದರೆ ಅದನ್ನು ಮಾಡಿ, ಎಲ್ಲವನ್ನೂ ಒಂದೇ ಪೇಪರ್‌ನಲ್ಲಿ ಬರೆಯಿರಿ. ಮತ್ತೆ ಮಾಡಿದಾಗ ಯೀಲ್ಡ್ ಕಡಿಮೆ ಬಂದಿದ್ದರೆ ಆ ಅಂಕಿಯನ್ನೂ ಹಾಕಿ, ಮುಚ್ಚಿಡಬೇಡಿ.

ಲೇಖಕರ ಹೆಸರು, ಅವುಗಳ ಕ್ರಮ ಈಗಲೇ ಗೈಡ್ ಹತ್ತಿರ ಮಾತಾಡಿ ಮೇಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಕೊನೆಗೆ ಮಾತಾಡಿದರೆ ಮನಸ್ತಾಪ ಆಗುತ್ತದೆ.

ಮರುಪ್ರಶ್ನೆ:
ಮಾಡ್ತೀನಿ ಮೇಡಂ, ಆ ಪರೀಕ್ಷೆ ಇನ್ನೂ ಆಗಿಲ್ಲ. ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮೊದಲೇ ಆನ್‌ಲೈನ್‌ನಲ್ಲಿ ಹಾಕುವ ಪ್ರತಿ) ಹಾಕಿದರೆ ಯಾರಾದರೂ ಐಡಿಯಾ ಕದಿಯುತ್ತಾರಾ?

ಉತ್ತರ:
ಆ ಭಯ ಎಲ್ಲರಿಗೂ ಇರುತ್ತದೆ. ಭೌತಶಾಸ್ತ್ರದವರು 1991ರಿಂದ ಆರ್ಕೈವ್ (arXiv) ಅನ್ನುವ ಪ್ರಿಪ್ರಿಂಟ್ ತಾಣದಲ್ಲಿ ಹಾಕುತ್ತಿದ್ದಾರೆ. ನಮ್ಮವರಿಗೆ 2017ರಲ್ಲಿ ಕೆಮ್‌ಆರ್ಕೈವ್ ಬಂತು. ಹಾಕಿದ ತಾರೀಖು ಎಲ್ಲರಿಗೂ ಕಾಣುತ್ತದೆ, ಮೊದಲು ಮಾಡಿದ್ದು ನೀವು ಅನ್ನುವುದಕ್ಕೆ ಅದೇ ಸಾಕ್ಷಿ. ಆದರೆ ಹಾಕುವ ಮೊದಲು ನಿಮ್ಮ ಜರ್ನಲ್ ಪ್ರಿಪ್ರಿಂಟ್ ಒಪ್ಪುತ್ತದಾ ನೋಡಿ, ಸಹಲೇಖಕರೆಲ್ಲರ ಒಪ್ಪಿಗೆ ತಗೊಳ್ಳಿ. ಪೇಟೆಂಟ್ ಮಾಡುವ ಯೋಚನೆ ಗೈಡ್‌ಗೆ ಇದ್ದರೆ ಅದರ ಅರ್ಜಿ ಮೊದಲು ಹೋಗಲಿ, ಪ್ರಿಪ್ರಿಂಟ್ ಆಮೇಲೆ.