ತಿದೋರೆ ಸುಲ್ತಾನರ ಮಾತು ಪಪುವಾದವರೆಗೆ ನಡೆದದ್ದು ಹೇಗೆ?

ಪ್ರಶ್ನೆ:
ಇಂಡೋನೇಷ್ಯಾದ ಉತ್ತರ ಮಲುಕುವಿನಲ್ಲಿರುವ ತಿದೋರೆ, ಒಂದು ಜ್ವಾಲಾಮುಖಿಯ ಸುತ್ತ ಜನ ನೆಲೆಸಿರುವ ಪುಟ್ಟ ದ್ವೀಪ. ಮೆಗೆಲನ್ ಸತ್ತ ಬಳಿಕ ಅವನ ತಂಡದ ಉಳಿದೆರಡು ಹಡಗುಗಳು 1521ರ ನವೆಂಬರ್‌ನಲ್ಲಿ ಲವಂಗಕ್ಕಾಗಿ ಬಂದು ತಲುಪಿದ್ದು ಇಲ್ಲಿಗೇ. ಮುಂದೆ ಲವಂಗದ ವ್ಯಾಪಾರ ಡಚ್ಚರ ಪಾಲಾದ ಮೇಲೂ ಇಲ್ಲಿನ ಸುಲ್ತಾನರ ಅಧಿಕಾರವನ್ನು ಪೂರ್ವಕ್ಕಿರುವ ಪಪುವಾದ (ನ್ಯೂಗಿನಿ ದ್ವೀಪದ ಪಶ್ಚಿಮ ಭಾಗದ) ಕರಾವಳಿಯವರು ಮನ್ನಿಸುತ್ತಿದ್ದರೆಂದು ಓದಿದ್ದೇನೆ. ಇಷ್ಟು ಚಿಕ್ಕ ನೆಲದ ದೊರೆಗಳಿಗೆ ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಇದನ್ನು ಗಡಿ, ಕೋಟೆಗಳ ಲೆಕ್ಕದಲ್ಲಿ ನೋಡಿದರೆ ಅರ್ಥವಾಗುವುದಿಲ್ಲ. ತಿದೋರೆಯ ಪಕ್ಕದ ದೊಡ್ಡ ದ್ವೀಪವಾದ ಹಲ್ಮಹೆರಾದ ಮಾಬಾ, ವೆದಾ, ಪತಾನಿ ಪ್ರದೇಶಗಳ ನಾವಿಕರ ಮೂಲಕ, ಪಪುವಾದ ಪಶ್ಚಿಮ ತುದಿಯಾಚೆಗಿನ ರಾಜಾ ಅಂಪತ್ ದ್ವೀಪಗಳ ಮುಖಂಡರು ತಿದೋರೆಗೆ ಕಪ್ಪ ಸಲ್ಲಿಸುತ್ತಿದ್ದರು. ಪ್ರತಿಯಾಗಿ ಸುಲ್ತಾನನಿಂದ ಬಟ್ಟೆಯನ್ನೂ, ಊರಿನಲ್ಲಿ ತಮ್ಮ ಸ್ಥಾನವನ್ನು ಎತ್ತರಿಸುವ ಬಿರುದುಗಳನ್ನೂ ಪಡೆಯುತ್ತಿದ್ದರು. ಆದರೆ ಆ ಕಪ್ಪದಲ್ಲಿ ಸ್ವರ್ಗಪಕ್ಷಿ, ಆಮೆಯ ಚಿಪ್ಪುಗಳ ಜೊತೆಗೆ ಗುಲಾಮರೂ ಇದ್ದರು, ಕಪ್ಪ ತಪ್ಪಿದಲ್ಲಿ ‘ಹೊಂಗಿ’ ಎಂಬ ದೋಣಿಪಡೆ ಹೋಗಿ ಊರುಗಳನ್ನು ಸೂರೆಮಾಡುತ್ತಿತ್ತು ಎಂಬುದನ್ನು ನಾವು ಮರೆಯಬಾರದು.

ಉತ್ತರ 2:
ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆ ಸಂಬಂಧದಲ್ಲಿ ಭಯವಷ್ಟೇ ಇರಲಿಲ್ಲ ಎನ್ನಲು ನನಗೆ ತೋರುವ ದೊಡ್ಡ ಸಾಕ್ಷಿ ನುಕು. 1779ರಲ್ಲಿ ಡಚ್ ಕಂಪನಿಯು ಸುಲ್ತಾನ ಜಮಾಲುದ್ದೀನನನ್ನು ಪದಚ್ಯುತಗೊಳಿಸಿದಾಗ ಅವನ ಮಗನಾದ ನುಕು ದ್ವೀಪವನ್ನು ತೊರೆದು, ಹಲ್ಮಹೆರಾ, ಪೂರ್ವ ಸೆರಾಂ ಮತ್ತು ರಾಜಾ ಅಂಪತ್‌ಗಳಲ್ಲಿ ಬೆಂಬಲಿಗರನ್ನು ಕೂಡಿಸಿಕೊಂಡು ಸುಮಾರು ಎರಡು ದಶಕ ಹೋರಾಡಿದ. ಸಿಂಹಾಸನವಾಗಲಿ ರಾಜಧಾನಿಯಾಗಲಿ ಇಲ್ಲದಿದ್ದ ರಾಜಕುಮಾರನನ್ನು ದೂರದ ಆ ಜನ ಅಷ್ಟು ಕಾಲ ಬೆಂಬಲಿಸಿದ್ದು ಸಾಮಾನ್ಯ ಸಂಗತಿಯಲ್ಲ. ಕಡೆಗೆ ಆಂಗ್ಲರ ನೆರವನ್ನೂ ಗಳಿಸಿ 1797ರಲ್ಲಿ ತಿದೋರೆಯನ್ನು ವಶಪಡಿಸಿಕೊಂಡ ಆತ, 1805ರಲ್ಲಿ ತೀರಿಕೊಳ್ಳುವವರೆಗೂ ಸುಲ್ತಾನನಾಗಿ ಆಳಿದ. 1995ರಲ್ಲಿ ಇಂಡೋನೇಷ್ಯಾ ಅವನನ್ನು ರಾಷ್ಟ್ರವೀರನೆಂದು ಘೋಷಿಸಿತು.

ಉತ್ತರ 3:
ತೆರ್ನಾತೆಯನ್ನು ಬಿಟ್ಟು ತಿದೋರೆಯ ಚರಿತ್ರೆಯನ್ನು ಹೇಳಲಾಗದು. ಈ ಎರಡು ನೆರೆದ್ವೀಪಗಳ ಅರಮನೆಗಳು ಹೆಣ್ಣು ಕೊಟ್ಟು ತಂದುಕೊಳ್ಳುತ್ತಲೇ ಹಗೆ ಸಾಧಿಸಿದವು. ತೆರ್ನಾತೆ ಪೋರ್ಚುಗೀಸರಿಗೆ ಎಡೆಕೊಟ್ಟರೆ ತಿದೋರೆ ಸ್ಪೇನಿನವರ ಕೈಹಿಡಿಯಿತು. ಇನ್ನು ಪಪುವಾದೊಡನೆ ಇದ್ದ ನಂಟು ಇಪ್ಪತ್ತನೆಯ ಶತಮಾನದಲ್ಲೂ ರಾಜಕೀಯವಾಗಿ ಬಳಕೆಗೆ ಬಂತು. ಪಶ್ಚಿಮ ಪಪುವಾ ಇನ್ನೂ ಡಚ್ಚರ ಕೈಯಲ್ಲಿದ್ದಾಗಲೇ, 1956ರಲ್ಲಿ, ಇಂಡೋನೇಷ್ಯಾದ ಅಧ್ಯಕ್ಷ ಸುಕಾರ್ನೊ ಅವರ ಸರ್ಕಾರವು ಅದನ್ನು ಪಶ್ಚಿಮ ಇರಿಯನ್ ಪ್ರಾಂತ್ಯವೆಂದು ಘೋಷಿಸಿ, ತಿದೋರೆಯ ಸೋಅಸಿಯೊ ಪಟ್ಟಣವನ್ನೇ ಅದರ ತಾತ್ಕಾಲಿಕ ರಾಜಧಾನಿಯನ್ನಾಗಿಸಿತು. ಸುಲ್ತಾನ ಜೈನಲ್ ಅಬಿದಿನ್ ಶಾ ಅವರನ್ನೇ ಮೊದಲ ರಾಜ್ಯಪಾಲರನ್ನಾಗಿ ನೇಮಿಸಿತು.